ಅಜ್ಜನ ಕೋವಿ: ಅದರ ಬೆಲೆಯೂ ನಮ್ಮ ಹೊಣೆಯೂ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಪಾಠ)



ಈ ವೇದಿಕೆಯ ಮೇಲೆ ಭಾಷೆಯನ್ನು ಕುರಿತು, ಶಾಲೆಗಳನ್ನು ಕುರಿತು, ಗಡಿನಾಡಿನ ಸುಖದುಃಖಗಳನ್ನು ಕುರಿತು ಮಾತನಾಡುವುದು ವಾಡಿಕೆ. ಈ ದಿನ ನಾವು ತಮ್ಮೆದುರಿಗೆ ತಂದಿರುವ ವಿಷಯವು ಕೋವಿ. ಕೋವಿಯೆಂದೊಡನೆ ಕೆಲವರು ಹುಬ್ಬೇರಿಸಬಹುದು. ಆದರೆ ತಾಳವಾಡಿಯಿಂದ ಹೊಸೂರಿನವರೆಗೆ ಕಾಡಿನ ಅಂಚಿನಲ್ಲಿಯೇ ಬಾಳಿದ ಸೀಮೆ ನಮ್ಮದು. ಇಲ್ಲಿಯ ಕೆಲವು ಹಳೆಯ ಮನೆಗಳಲ್ಲಿ ಅಜ್ಜನೋ ಮುತ್ತಜ್ಜನೋ ಬಿಟ್ಟುಹೋದ ಬೇಟೆಯ ರೈಫಲ್ಲು ಇಂದಿಗೂ ಉಂಟು. ಹೊಲ ಮನೆಗಳಂತೆ ಅದೂ ಪಿತ್ರಾರ್ಜಿತವೇ. ಹೊಲವನ್ನು ಹೇಗೆ ಕಾಯಬೇಕೆಂಬುದು ನಮಗೆ ತಿಳಿದಿದೆ. ಕೋವಿಯನ್ನು ಹೇಗೆ ಕಾಯಬೇಕೆಂಬುದು ಬಹುಮಂದಿಗೆ ತಿಳಿಯದು.

ಇಂಥ ಕೋವಿಗಳಿಗೆ ಸಾಮಾನ್ಯವಾಗಿ ಮೂರು ಬಗೆಯ ಗತಿ ಒದಗುತ್ತದೆ. ಕೆಲವು ಮೂಲೆಯಲ್ಲಿ ಮರೆತುಹೋಗಿ ತುಕ್ಕು ಹಿಡಿಯುತ್ತವೆ. ಕೆಲವನ್ನು ಮೊಮ್ಮಕ್ಕಳು ಪ್ರೀತಿಯಿಂದ ಉಜ್ಜಿ, ಬಣ್ಣ ಹಚ್ಚಿ, ಹೊಸದರಂತೆ ಮಾಡಲು ಹೋಗಿ ಕೆಡಿಸುತ್ತಾರೆ. ಇನ್ನು ಕೆಲವು, ಅಜ್ಜನೊಡನೆ ಲೈಸೆನ್ಸೂ ತೀರಿಹೋದುದನ್ನು ಯಾರೂ ಗಮನಿಸದ ಕಾರಣ, ಮನೆಯ ಸೊತ್ತಾಗಿದ್ದುದು ಮನೆಯ ಅಪರಾಧವಾಗಿ ಮಾರ್ಪಡುತ್ತವೆ. ಮೊದಲನೆಯದು ಅಲಕ್ಷ್ಯ, ಎರಡನೆಯದು ಅತಿಪ್ರೀತಿ, ಮೂರನೆಯದು ಅಜ್ಞಾನ. ತುಕ್ಕು ನಿಧಾನವಾಗಿ ತಿನ್ನುತ್ತದೆ, ಅದನ್ನು ತಡೆಯಬಹುದು. ಅತಿಪ್ರೀತಿಯು ಒಂದು ಮಧ್ಯಾಹ್ನದಲ್ಲಿ ಮಾಡಿದ ಹಾನಿಯನ್ನು ಯಾವ ಕುಶಲಿಯೂ ಮರಳಿ ಸರಿಪಡಿಸಲಾರನು. ಆದುದರಿಂದ ನಮ್ಮ ಇಂದಿನ ಮಾತಿನ ಸಾರವಿಷ್ಟೆ: ಹಿರಿಯರ ಕೋವಿಯನ್ನು ಇರುವಂತೆಯೇ ಉಳಿಸಿರಿ, ಅದರ ಕಾಗದಗಳನ್ನು ಜೀವಂತವಾಗಿಡಿರಿ, ಅದರ ಕಥೆಯನ್ನು ಬರೆದಿಡಿರಿ. ಈ ಮೂರರಲ್ಲಿ ಒಂದು ತಪ್ಪಿದರೂ ಮಿಕ್ಕ ಎರಡರ ಬೆಲೆ ಕುಗ್ಗುತ್ತದೆ.

ಮೊದಲು, ಬೆಲೆಯೆಂದರೇನು ಎಂಬುದನ್ನು ವಿಚಾರಿಸೋಣ. ಜಿಮ್ ಕಾರ್ಬೆಟ್ಟರ ಹೆಸರನ್ನು ಕೇಳದ ಮಕ್ಕಳು ನಮ್ಮಲ್ಲಿ ವಿರಳ. 1907ರಲ್ಲಿ ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಅವರು ಕೊಂದುದಕ್ಕಾಗಿ, ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರರಾಗಿದ್ದ ಸರ್ ಜಾನ್ ಹ್ಯೂಯೆಟ್ಟರು ಅವರಿಗೆ ರಿಗ್ಬಿ ಸಂಸ್ಥೆಯ .275 ರೈಫಲ್ಲೊಂದನ್ನು ಬಹುಮಾನವಾಗಿ ಕೊಟ್ಟರು. ಅದರ ಮರದ ಹಿಡಿಯ ಮೇಲೆ ಈ ಸಂಗತಿಯನ್ನು ಕೆತ್ತಿದ ಪುಟ್ಟ ಬೆಳ್ಳಿಯ ಫಲಕವಿದೆ. 1926ರಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆಯನ್ನು ಅವರು ಹೊಡೆದುದು ಇದೇ ಕೋವಿಯಿಂದ. ಕಾರ್ಬೆಟ್ಟರು 1955ರಲ್ಲಿ ಕೀನ್ಯಾದಲ್ಲಿ ತೀರಿಕೊಂಡರು. ಅನಂತರ ಅದು ಅವರ ಪ್ರಕಾಶಕರಾದ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನವರ ಬಳಿ ಬಹುಕಾಲವಿದ್ದು, ಕೊನೆಗೆ ಅದನ್ನು ತಯಾರಿಸಿದ ರಿಗ್ಬಿಯವರಲ್ಲಿಗೇ ಮರಳಿತು. ಅದೇ ಕಾಲದಲ್ಲಿ ಅದೇ ಅಳತೆಯ ರೈಫಲ್ಲುಗಳು ಬೇರೆಯೂ ತಯಾರಾಗಿದ್ದವು. ಅವುಗಳಿಗಿಲ್ಲದ ಗೌರವ ಇದಕ್ಕೇಕೆ? ಆ ಫಲಕ, ಆ ದಾಖಲೆ, ಕೈಯಿಂದ ಕೈಗೆ ಬಂದ ಬಗೆಯ ಸ್ಪಷ್ಟತೆ, ಇವೇ ಕಾರಣ. ಬೆಳ್ಳಿಯು ಕಪ್ಪಾಗಿದೆಯೆಂದು ವರುಷಕ್ಕೊಮ್ಮೆ ಯಾರಾದರೂ ಅದನ್ನು ತಿಕ್ಕಿ ತಿಕ್ಕಿ ಅಕ್ಷರಗಳನ್ನು ಸವೆಸಿದ್ದರೆ, ಫಲಕವು ಹೊಳೆಯುತ್ತಿತ್ತು, ಕೋವಿಯು ಮೂಕವಾಗುತ್ತಿತ್ತು.

ಅಷ್ಟು ದೂರದ ಹಿಮಾಲಯಕ್ಕೆ ಹೋಗಬೇಕಾಗಿಯೂ ಇಲ್ಲ. ಬೆಂಗಳೂರಿನಲ್ಲಿದ್ದು ನಮ್ಮ ಈ ಕಾಡುಗಳಲ್ಲಿಯೇ ಅಲೆದಾಡಿದ ಕೆನೆತ್ ಆಂಡರ್ಸನ್ನರು 1954ರಲ್ಲಿ ಪ್ರಕಟಿಸಿದ ಮೊದಲ ಪುಸ್ತಕದಲ್ಲಿ ಜವಳಗಿರಿಯ ನರಭಕ್ಷಕ ಹುಲಿಯ ವೃತ್ತಾಂತವಿದೆ. ಜವಳಗಿರಿಯು ಹೊಸೂರಿಗೆ ದೂರವಲ್ಲ. ಅವರ ಬೇಟೆಯ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕತೆಗಳು’ ಎಂಬ ಮಾಲೆಯಲ್ಲಿ ಕನ್ನಡಕ್ಕೆ ತಂದುದರಿಂದ ನಮ್ಮ ಮನೆಮನೆಯ ಮಕ್ಕಳೂ ಅವನ್ನು ಓದಿದ್ದಾರೆ. ಆಂಡರ್ಸನ್ನರ ಕೈಯಲ್ಲಿದ್ದುದು .405 ವಿಂಚೆಸ್ಟರ್ ರೈಫಲ್ಲು. ಜಾನ್ ಬ್ರೌನಿಂಗ್ ಎಂಬ ಅಮೆರಿಕದ ಶಿಲ್ಪಿ ರೂಪಿಸಿದ 1895ರ ಮಾದರಿ ಅದು. ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ಹೊರಬಂದ ಸರಕು. ರಾಜಮಹಾರಾಜರಿಗೆಂದು ಮಾಡಿದ ಕೆತ್ತನೆಯ ಕೆಲಸವಲ್ಲ. ಆದರೂ ಓದುಗರ ಮನಸ್ಸಿನಲ್ಲಿ ಅದಕ್ಕೊಂದು ಸ್ಥಾನವುಂಟಾದುದು ಅದರ ಒಡೆಯರು ಬರೆದಿಟ್ಟುದರಿಂದ. ನಮ್ಮ ಅಜ್ಜಂದಿರು ಬರೆದಿಡಲಿಲ್ಲ. ಹೇಳಿದರು, ನಾವು ಕೇಳಿದೆವು. ಕೇಳಿದ ನಾವೂ ಬರೆಯದಿದ್ದರೆ ಮುಂದಿನವರಿಗೆ ಅದು ಕಬ್ಬಿಣ ಮತ್ತು ಮರ ಮಾತ್ರ.

ಇನ್ನು ಕೋವಿಯನ್ನು ಓದುವ ಬಗೆ. ಕೈಗೆತ್ತಿಕೊಂಡೊಡನೆ ಮಾಡಬೇಕಾದ ಮೊದಲ ಕೆಲಸ, ಅದರೊಳಗೆ ತೋಟಾ ಇಲ್ಲವೆಂಬುದನ್ನು ನಿಶ್ಚಯಿಸಿಕೊಳ್ಳುವುದು. ಐವತ್ತು ವರುಷ ಮುಟ್ಟದ ಕೋವಿಯೂ ತುಂಬಿರಬಹುದು. ನಳಿಗೆಯನ್ನು ಜನರಿಲ್ಲದ ಕಡೆಗೆ ತಿರುಗಿಸಿ, ಟ್ರಿಗರಿನಿಂದ ಬೆರಳನ್ನು ದೂರವಿಟ್ಟು ನೋಡಬೇಕು. ತಿಳಿಯದಿದ್ದರೆ ತಿಳಿದವರಿಂದ ನೋಡಿಸಬೇಕು. ಹಳೆಯ ತೋಟಾಗಳು ಜೊತೆಯಲ್ಲಿದ್ದರೆ, ಹಸಿರು ಕಿಲುಬು ಹಿಡಿದಿದ್ದರೆ, ಅವನ್ನು ಹಾರಿಸಿ ನೋಡುವ ಚಾಪಲ್ಯ ಬೇಡ. ಲೈಸೆನ್ಸುಳ್ಳ ಕೋವಿವ್ಯಾಪಾರಿಗೆ ಒಪ್ಪಿಸಿರಿ.

ಅನಂತರ ಹೆಸರು, ಸಂಖ್ಯೆ, ಮುದ್ರೆ ಇವುಗಳನ್ನು ನೋಡಬೇಕು. ನಳಿಗೆಯ ಮೇಲಿನ ಹೆಸರೆಲ್ಲವೂ ತಯಾರಕರ ಹೆಸರಲ್ಲ. ಕಲಕತ್ತೆಯ ಮ್ಯಾಂಟನ್, ರೋಡಾ ಮುಂತಾದ ವರ್ತಕರು ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದ ಕೋವಿಗಳನ್ನು ತಮ್ಮ ಹೆಸರಿನಲ್ಲಿ ಮಾರುತ್ತಿದ್ದುದುಂಟು. ಇಂಗ್ಲೆಂಡಿನ ಕೋವಿಯಾದರೆ, ನಳಿಗೆಯ ಬುಡದಲ್ಲಿ ಲಂಡನ್ನಿನ ಅಥವಾ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯದ ಮುದ್ರೆಗಳಿರುತ್ತವೆ. ಹೊಗೆಯಿಲ್ಲದ ಹೊಸ ಮದ್ದಿಗೆ ಆ ನಳಿಗೆಯನ್ನು ಪರೀಕ್ಷಿಸಿದ್ದರೋ, ಹಳೆಯ ಕರಿಮದ್ದಿಗೆ ಮಾತ್ರವೋ ಎಂಬುದು ಆ ಮುದ್ರೆಗಳಿಂದ ಬಲ್ಲವರಿಗೆ ತಿಳಿಯುತ್ತದೆ. ಕರಿಮದ್ದಿನ ಕೋವಿಯಲ್ಲಿ ಹೊಸ ತೋಟಾ ಹಾರಿಸಿದರೆ ನಳಿಗೆ ಸಿಡಿದು ಹಾರಿಸಿದವನೇ ಗಾಯಗೊಂಡಾನು. ನಳಿಗೆಯ ವ್ಯಾಸದ ಅಂಕಿಯೂ ಚರಿತ್ರೆಯನ್ನು ಹೇಳುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ವರುಷಗಳಲ್ಲಿ ಬ್ರಿಟಿಷ್ ಸರಕಾರವು ದಂಗೆಗಾರರ ಕೈಗೆ ಸೈನ್ಯದ ಕೋವಿಗೆ ಹೊಂದುವ ತೋಟಾ ಸಿಕ್ಕೀತೆಂಬ ಭಯದಿಂದ .450 ವ್ಯಾಸದ ರೈಫಲ್ಲುಗಳನ್ನು ಭಾರತಕ್ಕೆ ತರುವುದನ್ನು ತಡೆಯಿತು, ಆಗ ತಯಾರಕರು.465, .470 ಎಂಬ ಹೊಸ ಅಳತೆಗಳನ್ನು ಹೊರತಂದರು. ನಮ್ಮ ದೇಶದ ಇಷಾಪುರದ ಕಾರ್ಖಾನೆಯ .315 ರೈಫಲ್ಲುಗಳೂ ಹಲವು ಮನೆಗಳಲ್ಲಿವೆ. ಅವು ಬೆಲೆಯಲ್ಲಿ ಕಿರಿಯವಾದರೂ ನೆನಪಿನಲ್ಲಿ ಕಿರಿಯವಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಕ್ರಮಸಂಖ್ಯೆ. ರಿಗ್ಬಿ, ಹಾಲೆಂಡ್ ಅಂಡ್ ಹಾಲೆಂಡ್, ವೆಸ್ಟ್ಲಿ ರಿಚರ್ಡ್ಸ್ ಮುಂತಾದ ಸಂಸ್ಥೆಗಳು ತಮ್ಮ ಹಳೆಯ ಖಾತೆಪುಸ್ತಕಗಳನ್ನು ಕಾಪಾಡಿಕೊಂಡು ಬಂದಿವೆ. ಸಂಖ್ಯೆಯನ್ನು ಬರೆದು ಕೇಳಿದರೆ, ಕೋವಿಯು ಯಾವ ವರುಷ ಯಾವ ರೂಪದಲ್ಲಿ ಹೊರಬಿದ್ದಿತೆಂಬುದು ತಿಳಿಯುವ ಸಂಭವವುಂಟು. ಖಾತೆಯಲ್ಲಿರುವುದಕ್ಕೂ ಕೈಯಲ್ಲಿರುವುದಕ್ಕೂ ಹೊಂದಿಕೆಯಾದಾಗಲೇ ಬೆಲೆ. ನಳಿಗೆಯನ್ನು ಕತ್ತರಿಸಿ ಗಿಡ್ಡ ಮಾಡಿದ, ದುರ್ಬೀನಿಗಾಗಿ ತೂತು ಕೊರೆದ, ಹಿಡಿಯನ್ನು ಬದಲಾಯಿಸಿದ ಕೋವಿಯು ಆ ಹೊಂದಿಕೆಯನ್ನು ಕಳೆದುಕೊಳ್ಳುತ್ತದೆ. 1980ರ ದಶಕದ ನಡುವಿನಿಂದ ಸಾಮಾನ್ಯ ನಾಗರಿಕರು ಹೊರದೇಶದ ಕೋವಿಗಳನ್ನು ತರಿಸುವುದು ನಿಂತುದರಿಂದ, ಮೂಲರೂಪದಲ್ಲಿ ಉಳಿದಿರುವ ಹಳೆಯವುಗಳಿಗೆ ನಮ್ಮ ದೇಶದಲ್ಲಿ ವಿಶೇಷ ಬೆಲೆಯಿದೆ.

ಈಗ ರಕ್ಷಣೆಯ ಕ್ರಮ. ಹಳೆಯ ನಳಿಗೆಯ ಮೇಲೆ ನೀಲಿಗಪ್ಪು ಛಾಯೆಯೊಂದಿರುತ್ತದೆ. ಅದು ಬಣ್ಣವಲ್ಲ, ಪಳಗಿಸಿದ ತುಕ್ಕು. ಕುಶಲಿಗಳು ಉಕ್ಕಿಗೆ ಮಂದವಾದ ಆಮ್ಲವನ್ನು ಸವರಿ, ತೆಳ್ಳಗೆ ತುಕ್ಕು ಬರಿಸಿ, ನೀರಿನಲ್ಲಿ ಕುದಿಸಿ, ಕೆಂಪು ತುಕ್ಕನ್ನು ಕಪ್ಪಾಗಿ ಮಾರ್ಪಡಿಸಿ, ಉಜ್ಜಿ ತೆಗೆದು, ಮತ್ತೆ ಮತ್ತೆ ಹೀಗೆಯೇ ಮಾಡಿ ಪದರದ ಮೇಲೆ ಪದರವಾಗಿ ಅದನ್ನು ಕೂಡಿಸುತ್ತಿದ್ದರು. ಉಪ್ಪುಕಾಗದ ಹಿಡಿದು ಹೊಳಪು ಬರಿಸುವವನು ಈ ಶ್ರಮವನ್ನೆಲ್ಲ ಒಂದೇ ಗಳಿಗೆಯಲ್ಲಿ ಕೆರೆದುಹಾಕುತ್ತಾನೆ. ಜೊತೆಗೆ ಹೆಸರು, ಸಂಖ್ಯೆ, ಮುದ್ರೆಗಳ ಅಂಚುಗಳೂ ಸವೆಯುತ್ತವೆ. ಮರದ ಹಿಡಿಯ ಮೇಲಿನ ಗೀರುಗಳೂ ಹಾಗೆಯೇ. ಅವನ್ನು ಉಜ್ಜಿ ವಾರ್ನಿಷ್ ಬಳಿದರೆ ಮೇಜುಕುರ್ಚಿಯ ಹೊಳಪು ಬರುತ್ತದೆ, ಅಜ್ಜನ ಕೈಯ ಗುರುತು ಹೋಗುತ್ತದೆ.

ಹಾಗಾದರೆ ಮಾಡಬೇಕಾದುದೇನು? ಒಣಗಿದ ಮೆತ್ತನೆಯ ಹತ್ತಿಯ ಬಟ್ಟೆಯಿಂದ ಧೂಳನ್ನು ಒರಸಿ, ಕೋವಿಗೆಂದೇ ದೊರೆಯುವ ತಿಳಿಯಾದ ಎಣ್ಣೆಯನ್ನು ಉಕ್ಕಿನ ಭಾಗಗಳಿಗೆ ತೆಳ್ಳಗೆ ಸವರಬೇಕು. ಹೆಚ್ಚಾದರೆ ಅದು ಹಿಡಿಯೊಳಕ್ಕಿಳಿದು ಮರವನ್ನು ಮೆದುವಾಗಿಸುತ್ತದೆ. ಆದುದರಿಂದಲೇ ಬಲ್ಲವರು ಎಣ್ಣೆ ಹಾಕಿದ ಕೋವಿಯನ್ನು ಕೆಲಕಾಲ ಮೂತಿ ಕೆಳಗಾಗಿ ನಿಲ್ಲಿಸುತ್ತಾರೆ. ಅಡಿಗೆಮನೆಯ ತೆಂಗಿನೆಣ್ಣೆ, ಕಡಲೆಕಾಯಿ ಎಣ್ಣೆಗಳು ಬೇಡ; ಕಾಲಕ್ರಮದಲ್ಲಿ ಅವು ಅಂಟಾಗಿ ಧೂಳನ್ನು ಹಿಡಿಯುತ್ತವೆ. ಒಣಗಿದ ಹಿಡಿಗೆ ಅಗಸೆ ಎಣ್ಣೆಯ ಒಂದೆರಡು ಹನಿಯನ್ನು ಅಂಗೈಯಿಂದ ತಿಕ್ಕಿದರೆ ಸಾಕು. ಬೆರಳುಗಳ ಬೆವರಿನಲ್ಲಿಯೂ ಉಪ್ಪುಂಟು. ಮುಟ್ಟಿದ ಮೇಲೆ ಒರಸಿಡಬೇಕು. ಹಳೆಯ ಕಾಲದ ತೋಟಾಗಳ ಕೇಪಿನಲ್ಲಿದ್ದ ರಸಾಯನವು ಸಿಡಿದ ಬಳಿಕ ನಳಿಗೆಯೊಳಗೆ ಉಪ್ಪಿನಂಥ ಪದಾರ್ಥವನ್ನು ಬಿಡುತ್ತಿತ್ತು. ಅದು ಗಾಳಿಯ ತೇವವನ್ನು ಸೆಳೆಯುತ್ತದೆ. ಎಣ್ಣೆಯಲ್ಲಿ ಕರಗದು, ನೀರಿನಲ್ಲಿ ಕರಗುತ್ತದೆ. ಬಿಸಿನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಹಾಕುತ್ತಿದ್ದ ಹಿಂದಿನವರ ಪದ್ಧತಿಗೆ ಇದೇ ಕಾರಣ. ಚರ್ಮದ ಚೀಲದೊಳಗೆ ಕೋವಿಯನ್ನು ವರುಷಗಟ್ಟಲೆ ಇಡುವುದು ತಪ್ಪು. ಚರ್ಮವು ತೇವವನ್ನು ಹಿಡಿದಿಟ್ಟು ಉಕ್ಕಿಗೆ ಉಣಿಸುತ್ತದೆ. ಚೀಲವನ್ನೂ ಪೆಟ್ಟಿಗೆಯನ್ನೂ ಎಸೆಯಬಾರದು. ಬೇರೆಯಾಗಿ ಕಾಪಾಡಬೇಕು, ಏಕೆಂದರೆ ತಯಾರಕರ ಚೀಟಿ ಅಂಟಿಸಿದ ಮೂಲದ ಪೆಟ್ಟಿಗೆಗೂ ಬೆಲೆಯುಂಟು. ತಿರುಪುಗಳನ್ನು ಮನೆಯ ತಿರುಪುಳಿಯಿಂದ ಬಿಚ್ಚಲೇಬಾರದು. ಕಿತ್ತುಹೋದ ತಿರುಪಿನ ತಲೆಯೊಂದೇ ಸಾಕು, ಅನನುಭವಿಯ ಕೈ ಬಿದ್ದಿದೆಯೆಂದು ಸಾರಲು.

ತಾಯಂದಿರಲ್ಲಿ ಒಂದು ವಿಶೇಷ ವಿಜ್ಞಾಪನೆ. ಆಯುಧಪೂಜೆಯ ದಿನ ಕೋವಿಗೆ ಪೂಜೆ ಸಲ್ಲಿಸುವುದು ನಮ್ಮ ಸಂಪ್ರದಾಯ; ಅದು ನಡೆಯಲಿ. ಆದರೆ ಹಿಂದಿನ ದಿನ ಹಿತ್ತಾಳೆಯ ಪಾತ್ರೆಗಳೊಡನೆ ಅದನ್ನೂ ಹುಣಸೆಹಣ್ಣು ಹಾಕಿ ತಿಕ್ಕುವ ರೂಢಿ ಕೆಲವೆಡೆ ಕಂಡುಬರುತ್ತದೆ. ಹುಣಸೆಯ ಹುಳಿ ಉಕ್ಕಿನ ಛಾಯೆಯನ್ನು ತಿನ್ನುತ್ತದೆ. ನೀರಿನಲ್ಲಿ ಕಲಸಿದ ಗಂಧ, ವಿಭೂತಿ, ಕುಂಕುಮಗಳು ಲೋಹದ ಮೇಲೆ ಒಣಗಿ ಉಳಿದರೆ ಅವುಗಳ ಅಡಿಯಲ್ಲಿಯೇ ತುಕ್ಕು ಹುಟ್ಟುತ್ತದೆ. ನವರಾತ್ರಿಯಾದೊಡನೆ ನಮ್ಮಲ್ಲಿ ಹಿಂಗಾರಿನ ಮಳೆ, ಗಾಳಿಯೆಲ್ಲ ತೇವ. ಆದುದರಿಂದ ಕೋವಿಯನ್ನು ಮಡಿಬಟ್ಟೆಯ ಮೇಲಿಟ್ಟು, ಮುಂದೆ ಬಾಳೆಯೆಲೆಯನ್ನು ಹಾಸಿ, ಗಂಧಕುಂಕುಮಗಳನ್ನು ಆ ಎಲೆಗೆ ಸಲ್ಲಿಸಿರಿ. ಹೂವನ್ನಿಟ್ಟರೆ ಸಂಜೆಗೆ ತೆಗೆಯಿರಿ. ಭಕ್ತಿಗೆ ಕೊರತೆಯಾಗದು, ಕೋವಿಗೆ ಕೇಡಾಗದು.

ಇನ್ನು ಕಾಗದಪತ್ರಗಳ ಮಾತು. ಇಲ್ಲಿ ಅಲಕ್ಷ್ಯಕ್ಕೆ ತೆರಬೇಕಾದ ದಂಡ ದೊಡ್ಡದು. 1878ರ ಕಾಯಿದೆಯ ಬದಲು ಬಂದ 1959ರ ಆಯುಧ ಕಾಯಿದೆಯು 1962ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಅದರ ನಿಯಮಗಳನ್ನು 2016ರಲ್ಲಿ ಹೊಸದಾಗಿ ರಚಿಸಲಾಯಿತು. ಲೈಸೆನ್ಸು ವ್ಯಕ್ತಿಗೆ ಸೇರಿದುದು, ಮನೆತನಕ್ಕೆ ಸೇರಿದುದಲ್ಲ. ಲೈಸೆನ್ಸುದಾರನು ತೀರಿಕೊಂಡೊಡನೆ ಕೋವಿಯು ಮನೆಯಲ್ಲಿರುವುದು ನ್ಯಾಯಬದ್ಧವಾಗದು. ವಾರಸುದಾರರು ವಿಳಂಬವಿಲ್ಲದೆ ಅದನ್ನು ಹತ್ತಿರದ ಪೊಲೀಸ್ ಠಾಣೆಯಲ್ಲಿಯೋ ಲೈಸೆನ್ಸುಳ್ಳ ವ್ಯಾಪಾರಿಯಲ್ಲಿಯೋ ಠೇವಣಿಯಿಡಬೇಕು. ತಮ್ಮ ಹೆಸರಿಗೆ ಲೈಸೆನ್ಸು ಪಡೆದು ಹಿಂದಕ್ಕೆ ತರಬಹುದು. ಗೊತ್ತಾದ ಅವಧಿಯೊಳಗೆ ತರದಿದ್ದರೆ ಅದು ಸರಕಾರದ ವಶವಾಗುತ್ತದೆ. ಅಜ್ಜನು ಬದುಕಿರುವಾಗಲೇ ಈ ಏರ್ಪಾಡು ಮಾಡಿಕೊಳ್ಳುವ ದಾರಿಯೂ ಉಂಟು: ಲೈಸೆನ್ಸುದಾರರಿಗೆ ಎಪ್ಪತ್ತು ವರುಷ ತುಂಬಿದ್ದರೆ ಅಥವಾ ಕೋವಿಯನ್ನು ಇಪ್ಪತ್ತೈದು ವರುಷ ಇಟ್ಟುಕೊಂಡಿದ್ದರೆ, ವಾರಸುದಾರರೊಬ್ಬರು ಲೈಸೆನ್ಸಿಗೆ ಅರ್ಜಿ ಹಾಕಬಹುದೆಂದು 2016ರ ನಿಯಮಗಳು ಹೇಳುತ್ತವೆ. 2019ರ ತಿದ್ದುಪಡಿಯಿಂದ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಪಿತ್ರಾರ್ಜಿತವೆಂದು ಬಂದುದೂ ಈ ಮಿತಿಯೊಳಗೇ. ಲೈಸೆನ್ಸಿನ ಅವಧಿ ಮೂರರಿಂದ ಐದು ವರುಷಕ್ಕೆ ಏರಿತು. ರಾಷ್ಟ್ರೀಯ ದಾಖಲೆಯ ವಿಶಿಷ್ಟ ಸಂಖ್ಯೆಯಿಲ್ಲದ ಹಳೆಯ ಲೈಸೆನ್ಸು ಈಗ ಮಾನ್ಯವಲ್ಲ. .303ರಂಥ ಸೈನ್ಯದ ವ್ಯಾಸದ ಕೋವಿಗಳಿಗೆ ಬೇರೆಯೇ ಕಟ್ಟುಪಾಡುಗಳುಂಟು.

ಕೊಡಗಿನ ಬಂಧುಗಳನ್ನು ನೋಡಿ ‘ನಮಗೂ ಲೈಸೆನ್ಸು ಬೇಡ’ ಎನ್ನುವವರಿದ್ದಾರೆ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರವು 2019ರಲ್ಲಿ ಮತ್ತೆ ಹತ್ತು ವರುಷಕ್ಕೆ ಮುಂದುವರಿಸಿತು ನಿಜ. ಆ ವಿನಾಯಿತಿ ನಮಗೆ ಅನ್ವಯಿಸದು.

ಗಡಿಯವರಾದ ನಮಗೆ ಇನ್ನೊಂದು ತೊಡಕುಂಟು. ತಾಳವಾಡಿಯು ಹಿಂದೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, 1979ರಿಂದ ಈರೋಡಿನ ಆಡಳಿತಕ್ಕೆ ಬಂದಿತು. ಹೊಸೂರು 1965ರವರೆಗೆ ಸೇಲಂ, 2004ರವರೆಗೆ ಧರ್ಮಪುರಿ, ಅಲ್ಲಿಂದೀಚೆಗೆ ಕೃಷ್ಣಗಿರಿ. ನಾವು ಮನೆಯನ್ನು ಬದಲಾಯಿಸಲಿಲ್ಲ, ಕಚೇರಿಗಳು ಬದಲಾದುವು. ಅಜ್ಜನ ಲೈಸೆನ್ಸಿನ ಮೂಲವನ್ನು ಹುಡುಕುವವರು ಅದರಲ್ಲಿರುವ ತಾರೀಖನ್ನು ನೋಡಿ, ಆ ಕಾಲದ ಜಿಲ್ಲೆ ಯಾವುದೆಂದು ತಿಳಿದು ಅಲ್ಲಿಂದ ಆರಂಭಿಸಬೇಕು. ಹಳೆಯ ಲೈಸೆನ್ಸು ಪುಸ್ತಕ, ಖರೀದಿಯ ರಸೀತಿ, ನವೀಕರಣದ ಚೀಟಿ, ಯಾವುದನ್ನೂ ರದ್ದಿಗೆ ಹಾಕಬಾರದು. ಚುನಾವಣೆಯ ಕಾಲದಲ್ಲಿ ಕೋವಿಯನ್ನು ಠಾಣೆಗೆ ಒಪ್ಪಿಸುವ ಸಂದರ್ಭ ಬರುವುದರಿಂದ, ಕೊಡುವ ಮೊದಲು ಎಣ್ಣೆ ಸವರಿ, ಹೆಸರಿನ ಚೀಟಿ ಕಟ್ಟಿ, ನಾಲ್ಕು ಕಡೆಯಿಂದ ಭಾವಚಿತ್ರ ತೆಗೆದು, ಕ್ರಮಸಂಖ್ಯೆ ನಮೂದಿಸಿದ ರಸೀತಿಯನ್ನು ಪಡೆಯಬೇಕು. ಹಿಂದಕ್ಕೆ ಬಂದ ದಿನವೇ ಒರಸಿ ಮತ್ತೆ ಎಣ್ಣೆ ಹಾಕಬೇಕು.

ಇಟ್ಟುಕೊಳ್ಳಲಾಗದವರು ಏನು ಮಾಡಬೇಕು? ಮಕ್ಕಳೆಲ್ಲ ಬೆಂಗಳೂರಿನಲ್ಲಿಯೋ ಚೆನ್ನೈಯಲ್ಲಿಯೋ ನೆಲಸಿದ ಮನೆಗಳಿವೆ. ಅಂಥವರು ಕೋವಿಯನ್ನು ಹೂತಿಡುವುದು, ಬಾವಿಗೆ ಹಾಕುವುದು, ಗುಟ್ಟಾಗಿ ಕೊಡುವುದು ಸರ್ವಥಾ ಸಲ್ಲದು. ಅದು ಸೆರೆವಾಸದ ದಾರಿ. ಮಾರುವುದಾದರೆ ಲೈಸೆನ್ಸುಳ್ಳವರಿಗೇ, ಅಧಿಕಾರಿಗಳಿಗೆ ಮುಂಗಡವಾಗಿ ತಿಳಿಸಿ, ವ್ಯಾಪಾರಿಯ ಮೂಲಕ ಮಾರಬೇಕು. ಒಬ್ಬರ ಮಾತಿಗೇ ಒಪ್ಪದೆ ಇಬ್ಬರು ಮೂವರು ಬಲ್ಲವರಿಂದ ಬೆಲೆ ಕಟ್ಟಿಸುವುದು ವಿವೇಕ. ರಿಗ್ಬಿಯ ಕೋವಿಯನ್ನು ಸಾಮಾನ್ಯ ಕೋವಿಯ ಬೆಲೆಗೆ ಕೊಟ್ಟುಬಿಡುವುದು ಅಜ್ಞಾನದಿಂದಲೇ. ದುರಸ್ತಿ ಮಾಡಿದರೂ ಹಾರಿಸಲಾಗದ ಪುರಾತನ ಆಯುಧಗಳನ್ನು ಕಾಯಿದೆಯು ಬೇರೆಯಾಗಿ ಪರಿಗಣಿಸುತ್ತದೆ. ಆದರೆ ಅದನ್ನು ತೀರ್ಮಾನಿಸಬೇಕಾದವರು ಅಧಿಕಾರಿಗಳು, ನಾವಲ್ಲ.

ಕೊನೆಗೊಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಡನೆ ಬೇಟೆಯ ಯುಗ ಮುಗಿಯಿತು. ಸತ್ಯಮಂಗಲದ ಕಾಡು 2013ರಲ್ಲಿ ಹುಲಿಗಳ ರಕ್ಷಿತಾರಣ್ಯವಾಯಿತು. ಈಡುಗಾರರಾಗಿ ಹೆಸರಾದ ಕಾರ್ಬೆಟ್ಟರೇ ಮುಂದೆ ಹುಲಿಯ ಪರವಾಗಿ ವಾದಿಸಿದರು. ಅಜ್ಜನ ಕೋವಿಯನ್ನು ಕಾಪಾಡುವುದೆಂದರೆ ಅಜ್ಜನ ಬೇಟೆಯನ್ನು ಮುಂದುವರಿಸುವುದಲ್ಲ. ಬೆಳೆಗೆ ಬರುವ ಹಂದಿಯ ಮೇಲೆಯೂ ಅಪ್ಪಣೆಯಿಲ್ಲದೆ ಅದನ್ನೆತ್ತುವವನು ಕೋವಿಯನ್ನೂ ಕಳೆದುಕೊಳ್ಳುತ್ತಾನೆ, ಮನೆತನದ ಮಾನವನ್ನೂ ಕಳೆಯುತ್ತಾನೆ.

ಆದುದರಿಂದ ನಮ್ಮ ಕೋರಿಕೆ ಇಷ್ಟು. ಮನೆಯಲ್ಲಿ ಇಂಥ ಕೋವಿಯಿದ್ದವರು ಈ ತಿಂಗಳು ಲೈಸೆನ್ಸನ್ನು ತೆಗೆದು ತಾರೀಖನ್ನು ನೋಡಿರಿ. ಒಂದು ಹಾಳೆಯಲ್ಲಿ, ಕನ್ನಡದಲ್ಲಿ, ಕೋವಿ ಯಾರಿಂದ ಬಂದಿತು, ಯಾವಾಗ, ಏಕೆ, ಯಾರು ಯಾರ ಕೈಯಲ್ಲಿತ್ತು, ಈಡು, ಚರೆ, ಮದ್ದು, ಕುದುರೆ ಎಂದು ಅಜ್ಜ ಬಳಸುತ್ತಿದ್ದ ಮಾತುಗಳೇನು ಎಂಬುದನ್ನು ಬರೆಯಿರಿ. ಹಿರಿಯರು ಇನ್ನೂ ಇದ್ದರೆ ಅವರ ಪಕ್ಕದಲ್ಲಿ ಕುಳಿತು ಮಕ್ಕಳೇ ಬರೆದುಕೊಳ್ಳಲಿ. ಆ ಹಾಳೆಯನ್ನು ಊರಿಗೆಲ್ಲ ತೋರಿಸಬೇಕಾಗಿಲ್ಲ, ಸಂಘಕ್ಕೆ ಕೊಡಬೇಕಾಗಿಯೂ ಇಲ್ಲ. ಕೋವಿಯಿರುವ ಮನೆಯ ಸುದ್ದಿ ಬೀದಿಗೆ ಬರದಿರುವುದೇ ಕ್ಷೇಮ. ಲೈಸೆನ್ಸಿನೊಡನೆ ಅದೇ ಕಡತದಲ್ಲಿ ಇರಲಿ. ಕೋವಿಯು ನಾಳೆ ಮಗಳಿಗೆ ಹೋಗಲಿ, ಮಗನಿಗೆ ಹೋಗಲಿ, ಮಾರಾಟವಾಗಲಿ, ಆ ಹಾಳೆಯ ಪ್ರತಿಯೊಂದು ಮನೆಯಲ್ಲಿ ಉಳಿಯಲಿ.